ತಂಪಿನ ಚೀಟಿ

ಕಮ್ಮಿಂಗ್, ಜಾರ್ಜಿಯಾ
೧೯ ಮೇ ೧೯೯೭

ಶ್ರೀ ಭುಜಂಗರಾಯರಿಗೆ,
ವಿಶ್ರಾಂತ ಸೆಕ್ಷನ್ ಆಫೀಸರ್, ವಿದ್ಯುತ್ ಮಂಡಳಿ,
ಹಾಲಿ ವಸತಿ ಏಪೆಕ್ಸ್, ನಾರ್ತ್ ಕ್ಯಾರೊಲಿನಾ.

ವಿಷಯ: ಮಧ್ಯಾಹ್ನದ ವಿದ್ಯುತ್ತನ್ನು ಬಿಟ್ಟುಕೊಡುವ ಮನೆಗಳಿಗೆ ಬಹುಮಾನ, ತಮ್ಮ ಅಭಿಪ್ರಾಯ ಕೋರಿ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾನು ಈ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ:

೧. ನಾನು ವೀರಣ್ಣ, ದಾವಣಗೆರೆಯ ಕೋರ್ಟಿನ ನಕಲು ವಿಭಾಗದಿಂದ ನಿವೃತ್ತನಾದವನು. ಕಳೆದ ಅಕ್ಟೋಬರಿನಿಂದ ಪತ್ನಿ ಕಾತ್ಯಾಯಿನಿಯೊಡನೆ ಮಗಳು ಯಾಮಿನಿ ಮತ್ತು ಅಳಿಯ ಅಕ್ಷಯ್ ಇವರ ಮನೆಯಲ್ಲಿ ವಾಸವಾಗಿದ್ದೇನೆ.

೨. ತಾವು ಮಗನ ಮನೆಗೆ ಬಂದು ನೆಲೆಸಿರುವ ವಿಚಾರ ಅಟ್ಲಾಂಟಾದ ಯುಗಾದಿ ಕೂಟದಲ್ಲಿ ತಿಳಿದು, ವಿಳಾಸವೂ ದೊರೆಯಿತು.

೩. ಯಾಮಿನಿಯ ಮದುವೆಯಿಂದೀಚೆಗೆ ಹನ್ನೊಂದು ವರ್ಷ ನಮ್ಮ ನಡುವೆ ಮಾತುಕತೆ ಇರುವುದಿಲ್ಲ. ಕಾರಣ ಉಭಯತ್ರರಿಗೂ ತಿಳಿದದ್ದಾದ್ದರಿಂದ ಇಲ್ಲಿ ನಮೂದಿಸಿಲ್ಲ.

೪. ಇಲ್ಲಿಯ ವಿದ್ಯುತ್ ಕಂಪನಿಯು ಹೊಸದೊಂದು ಯೋಜನೆ ತಂದಿದೆ. ಬೇಸಿಗೆಯ ವಾರದ ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ ಕಡಿಮೆ ವಿದ್ಯುತ್ ಬಳಸುವ ಮನೆಗೆ ಬಿಲ್ಲಿನಲ್ಲಿ ರಿಯಾಯಿತಿ, ಜೊತೆಗೆ ಬಾಗಿಲಿಗೆ ಅಂಟಿಸಲು ಒಂದು ಹಸಿರು ಬಿಲ್ಲೆ. ನಮ್ಮ ಮನೆಯವರು ಸೇರಿದ್ದಾರೆ.

ಯಾಮಿನಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಅಂದು ಹೊರಡುವ ಗಡಿಬಿಡಿಯಲ್ಲೇ ಹೇಳಿದಳು: "ಅಪ್ಪಾ, ಸೈನ್ ಅಪ್ ಮಾಡಿದೀವಿ. ಎರಡರಿಂದ ಏಳು ಪೀಕ್ ಅವರ್ಸ್. ಆಗ ಏಸಿ ಬೇಡ, ಡ್ರೈಯರ್ ಬೇಡ, ಓವನ್ ಅಂತೂ ಮುಟ್ಲೇಬೇಡಿ."

"ಅಂದ್ರೆ ಇಲ್ಲೂ ಲೋಡ್ ಶೆಡ್ಡಿಂಗಾ?" ಎಂದೆ.

"ಅಲ್ಲಪ್ಪಾ, ಕರೆಂಟ್ ಇರುತ್ತೆ. ನಾವಾಗೇ ಯೂಸ್ ಮಾಡಬಾರದು ಅಷ್ಟೆ."

ಕಾತ್ಯಾಯಿನಿ ನಕ್ಕಳು. "ನಮ್ಮೂರಾಗ ಕರೆಂಟ್ ಇಲ್ಲದೆ ಸುಮ್ಮನೆ ಕುಂತಿದ್ದಕ್ಕ ಯಾರೂ ಒಂದು ಬಿಲ್ಲೀನೂ ಕೊಡಲಿಲ್ಲ ನೋಡ್ರಿ!"

ಅವಳು ನಕ್ಕದ್ದನ್ನು ವಿಶೇಷವಾಗಿ ನಮೂದಿಸುತ್ತಿದ್ದೇನೆ. ಈ ಮನೆಯಲ್ಲಿ ಹಗಲೆಲ್ಲ ನಾವಿಬ್ಬರೇ. ಕಾರಿಲ್ಲದೆ ಎಲ್ಲಿಗೂ ಹೋಗಲಾಗದು, ಫೋನ್ ಮಾಡದೆ ಯಾರ ಮನೆಗೂ ಹೋಗಬಾರದು. ಬಾಯಿತುಂಬ ಮಾತಾಡುತ್ತಿದ್ದ ಅವಳು ಚಳಿಗಾಲ ಕಳೆಯುವಷ್ಟರಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳಾಗಿದ್ದಾಳೆ. ಊರಿಗೆ ಹೋಗೋಣವೇ ಎಂದರೆ "ಇಲ್ಲೇನು ಕಮ್ಮಿ ಐತಿ?" ಎನ್ನುತ್ತಾಳೆ.

ಆದ್ದರಿಂದ ನನಗೊಂದು ಯೋಚನೆ ಹೊಳೆದಿದೆ. ನಮ್ಮ ಬಡಾವಣೆಯಲ್ಲಿ ಹಗಲು ಹಿರಿಯರೇ ಇರುವ ಕನ್ನಡದ ಮನೆಗಳು ನಾಲ್ಕು. ನಾಲ್ಕೂ ಈ ಯೋಜನೆಗೆ ಸೇರಿವೆ. ಊರಲ್ಲಿ ಹಣದ ಚೀಟಿ ನಡೆಸಿದಂತೆ ಇಲ್ಲಿ ತಂಪಿನ ಚೀಟಿ ನಡೆಸಬಾರದೇಕೆ? ದಿನಕ್ಕೊಂದು ಮನೆಯಲ್ಲಿ ಏಸಿ ಹಾಕಿ ಎಲ್ಲರೂ ಅಲ್ಲಿ ಕೂಡುವುದು, ಉಳಿದ ಮೂರು ಮನೆ ಆರಿಸಿಡುವುದು. ಇಂತಹ ನಡೆಗೆ ಬಹುಮಾನ ನಿಜವಾಗಿ ಸಲ್ಲುವುದೇ ಎಂಬುದನ್ನು ವಿದ್ಯುತ್ತಿನ ವಿಷಯ ಬಲ್ಲ ತಾವು ತಿಳಿಸಬೇಕಾಗಿ ಅರಿಕೆ.

ತಮ್ಮ ವಿಶ್ವಾಸಿ,
ವೀರಣ್ಣ


ಏಪೆಕ್ಸ್
೩೦ ಮೇ ೧೯೯೭

ವೀರಣ್ಣನವರೇ,

ನಿಮ್ಮ ಕಾಗದ ತೆಗೆದಾಗ ಯಾವುದೋ ಕೋರ್ಟಿನ ಸಮನ್ಸ್ ಅಟ್ಲಾಂಟಿಕ್ ದಾಟಿ ಬಂತೆಂದು ಎದೆ ಹೊಡೆದುಕೊಂಡಿತು. ಅಕ್ಷರ ನೋಡಿ ಗುರುತು ಹಿಡಿದೆ. ಆ ಉದ್ದಬಾಲದ 'ಳ' ಇನ್ನೂ ಬಿಟ್ಟಿಲ್ಲ ನೀವು.

ನೀವು ನಮೂದಿಸದೆ ಬಿಟ್ಟದ್ದನ್ನು ನಾನೇ ನಮೂದಿಸುತ್ತೇನೆ. ಯಾಮಿನಿಯ ಮದುವೆಯ ಹಿಂದಿನ ದಿನ ನೀವು ಬೀದಿಯ ಕಂಬದಿಂದ ಶಾಮಿಯಾನಕ್ಕೆ ವೈರು ಎಳೆಸಿದಿರಿ. ನಾನು ಬಂದು ಕೀಳಿಸಿದೆ. ಆಗ ನೀವು ನೂರು ಜನರ ಮುಂದೆ ಅಂದದ್ದು ನನಗೆ ನೆನಪಿದೆ, ನಾನು ಅಂದದ್ದು ನಿಮಗೆ ನೆನಪಿರಬೇಕು. ಕೆಳಗೆ ಮಕ್ಕಳು ಆಡುತ್ತಿದ್ದರು, ವೈರಿನ ಜೋಡಣೆಗೆ ಸುತ್ತಿದ್ದದ್ದು ಹಳೆಯ ಪಂಚೆಯ ಚೂರು. ಇವತ್ತು ಎಳೆಸಿದರೂ ಇವತ್ತೂ ಕೀಳುತ್ತೇನೆ.

ಇನ್ನು ಬಹುಮಾನದ ವಿಷಯ. ಖಂಡಿತ ಕೊಡುತ್ತಾರೆ, ಅವರಿಗೂ ಅದರಲ್ಲಿ ಲಾಭವಿದೆ. ಬೇಸಿಗೆಯ ಮಧ್ಯಾಹ್ನ ಊರಿಗೆ ಊರೇ ಏಸಿ ಹಾಕಿದರೆ ಆ ಕೆಲವು ಗಂಟೆಗಳಿಗೋಸ್ಕರ ಹೊಸ ಉತ್ಪಾದನಾ ಕೇಂದ್ರ ಕಟ್ಟಬೇಕಾಗುತ್ತದೆ. ಅದರ ಬದಲು ನಿಮಗೆ ಸ್ವಲ್ಪ ಬಿಟ್ಟುಕೊಡುತ್ತಾರೆ. ಒಳ್ಳೆಯ ವಿಚಾರವೇ. ನಮ್ಮ ಕಾಲದಲ್ಲಿ ಫ್ಯೂಸ್ ಕಿತ್ತು ಬೈಸಿಕೊಳ್ಳುವುದೊಂದೇ ನಮಗೆ ಗೊತ್ತಿದ್ದ ದಾರಿ.

ಆದರೆ ಚೀಟಿ ಶುರು ಮಾಡುವ ಮೊದಲು ಆ ಕಾಗದದ ಹಿಂಬದಿಯ ಸಣ್ಣಕ್ಷರಗಳನ್ನು ಯಾಮಿನಿಯಿಂದ ಓದಿಸಿ. ಇಂತಹ ಕೆಲವು ಯೋಜನೆಗಳಲ್ಲಿ ತಿಂಗಳ ಮೊತ್ತವನ್ನಷ್ಟೇ ನೋಡುವುದಿಲ್ಲ. ಪೀಕ್ ಹೊತ್ತಿನಲ್ಲಿ ಅತಿ ಹೆಚ್ಚು ಎಳೆದ ಒಂದೇ ಒಂದು ಗಂಟೆಯನ್ನು ಹಿಡಿದು ಇಡೀ ತಿಂಗಳಿಗೆ ದರ ಹಾಕುತ್ತಾರೆ. ನಿಮ್ಮದು ಹಾಗಿದ್ದರೆ ಸರದಿ ಹಾಕಿ ಪ್ರಯೋಜನವಿಲ್ಲ.

ಕಾತ್ಯಾಯಿನಿಯಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕೈಯ ಮಂಡಕ್ಕಿ ಒಗ್ಗರಣೆ ತಿಂದ ನಾಲಿಗೆಗೆ ಇಲ್ಲಿಯ ಹಾಲಿನಲ್ಲಿ ನೆನೆಸಿದ ಸೀರಿಯಲ್ ಇಳಿಯುತ್ತಿಲ್ಲ.

ಇತಿ,
ಭುಜಂಗ


ಕಮ್ಮಿಂಗ್
೨೬ ಜೂನ್ ೧೯೯೭

ಶ್ರೀ ಭುಜಂಗರಾಯರಿಗೆ,

ತಮ್ಮ ಪತ್ರ ತಲುಪಿ ಸಂಗತಿ ವಿದಿತವಾಯಿತು. ತಾವು ಅಂದು ವೈರು ಕಿತ್ತದ್ದನ್ನು ಇಂದೂ ಸಮರ್ಥಿಸಿಕೊಂಡಿರುವುದನ್ನು ಗಮನಿಸಿದ್ದೇನೆ. ಸಣ್ಣಕ್ಷರಗಳ ಕುರಿತು ತಾವು ಎತ್ತಿದ ತಕರಾರನ್ನೂ ಗಮನಿಸಿದ್ದೇನೆ. ನಾನು ಕೈ ಹಾಕಿದ ಕೆಲಸಕ್ಕೆ ಅಡ್ಡಿ ಹುಡುಕುವುದು ತಮಗೆ ಹೊಸದಲ್ಲವಾದ್ದರಿಂದ ಈ ಬಾಬತ್ತನ್ನು ಮುಂದುವರಿಸಿಲ್ಲ.

ಚೀಟಿ ಜೂನ್ ಮೊದಲ ವಾರವೇ ಪ್ರಾರಂಭವಾಯಿತು ಎಂದು ತಿಳಿಸಲು ಸಂತೋಷಪಡುತ್ತೇನೆ. ಸೋಮವಾರ ನಮ್ಮ ಮನೆ. ಮಂಗಳವಾರ ಮೈಸೂರಿನ ನಿವೃತ್ತ ಹೆಡ್‌ಮಾಸ್ತರ್ ಸೂರ್ಯನಾರಾಯಣ ಅವರ ಮಗಳ ಮನೆ. ಬುಧವಾರ ಬೆಂಗಳೂರಿನ ವರಲಕ್ಷ್ಮಿಯವರದು, ಗುರುವಾರ ಉಡುಪಿ ಕಡೆಯ ಬೇಬಿಯವರದು. ಶುಕ್ರವಾರಕ್ಕೆ ಮಾತ್ರ ಚೀಟಿ ಎತ್ತುತ್ತೇವೆ, ಹೆಸರು ಬಂದವರ ಮನೆ.

ಊಟ ಮುಗಿಸಿ ಎರಡಕ್ಕೆ ಸರಿಯಾಗಿ ಏಸಿ ಆರಿಸಿ, ಕೊಡೆ ಹಿಡಿದು ಹೊರಡುತ್ತೇವೆ. ಈ ಊರಿನಲ್ಲಿ ಆ ಬಿಸಿಲಿನಲ್ಲಿ ನಡೆಯುವವರೇ ಇಲ್ಲ. ಮೊದಲ ದಿನ ಒಬ್ಬ ಬಿಳಿಯ ಮಹಿಳೆ ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯೇ ಎಂದು ನಮ್ಮನ್ನು ವಿಚಾರಿಸಿದಳು. ಬೇಬಿಯವರು ಕೈ ಮುಗಿದು, "ತೊಂದ್ರೆ ಎಂತ ಇಲ್ಲ ಮಾರಾಯ್ತಿ, ಗಾಳಿ ತಿನ್ಲಿಕ್ಕೆ ಹೋಗುದು ನಾವು" ಎಂದು ಕನ್ನಡದಲ್ಲೇ ಹೇಳಿ ಕಳಿಸಿದರು. ಅವಳು ಎಲ್ಲ ತಿಳಿದವಳಂತೆ ತಲೆಯಾಡಿಸಿ ಹೋದಳು. ಈಗ ದಿನವೂ ಕೈಬೀಸುತ್ತಾಳೆ.

ನಮ್ಮ ಮನೆಯ ಸರದಿಯ ದಿನ ಕಾತ್ಯಾಯಿನಿ ಮಿರ್ಚಿ ಬಜ್ಜಿ ಕರಿಯುತ್ತಾಳೆ. ನಾಲ್ಕೂ ಕರೆಂಟ್ ಒಲೆ ಒಟ್ಟಿಗೆ ಉರಿಯುತ್ತವೆ, ಏಸಿ ಗುಡುಗುತ್ತದೆ. ಸೂರ್ಯನಾರಾಯಣ ಅವರು ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ, "ಅಮ್ಮಾ, ದಾವಣಗೆರೆಯೋರಿಗೆ ನಾಲಿಗೆ ಅನ್ನೋದು ಚರ್ಮದ್ದೋ ತಗಡಿನದ್ದೋ?" ಎಂದರು. "ಇನ್ನೊಂದು ತಿಂದು ನೀವೇ ಹೇಳ್ರಿ ಮಾಸ್ತರ್ರೆ, ಪರೀಕ್ಷೆ ಇಟ್ಟು ರೂಢಿ ಐತಿ ನಿಮಗ" ಎಂದಳು ಇವಳು. ವರಲಕ್ಷ್ಮಿಯವರು ನಕ್ಕು ನಕ್ಕು ಸೋಫಾದ ಮೇಲೆ ಒರಗಿದರು.

ಮಾನ್ಯರೇ, ಹೋದ ವಾರ ಸಂಜೆ ಯಾಮಿನಿ ಅಡುಗೆಮನೆಯ ಬಾಗಿಲಲ್ಲಿ ಚೀಲ ಕೆಳಗಿಡದೆ ನಿಂತುಬಿಟ್ಟಳು. ಏನೆಂದು ಕೇಳಿದೆ. "ಅಮ್ಮ ಹಾಡ್ತಿದಾಳೆ" ಎಂದು ಪಿಸುಗುಟ್ಟಿದಳು. ಮೊದಲ ಬಿಲ್ಲಿಗೂ ಮುಂಚೆಯೇ ಬಾಗಿಲಿಗೆ ಹಸಿರು ಬಿಲ್ಲೆ ಬಂದಿದೆ. ಜೊತೆಗೆ ಕಂಪನಿಯವರ ವಂದನಾ ಪತ್ರವೂ ಬಂದಿದೆ. ಮಗಳ ಮನೆಯ ಅನ್ನ ಉಣ್ಣುವವನು ಆ ಮನೆಗೆ ಒಂದು ಗೌರವ ತಂದೆನೆಂಬ ಸಮಾಧಾನ ನನಗಿದೆ.

ತಮ್ಮ ವಿಶ್ವಾಸಿ,
ವೀರಣ್ಣ

ಕಾತ್ಯಾಯಿನಿ ತಮಗೆ ನಮಸ್ಕಾರ ತಿಳಿಸಿದ್ದಾಳೆ. ಮಂಡಕ್ಕಿ ಇಲ್ಲಿ ಸಿಗುವುದಿಲ್ಲ ಎಂದೂ ತಿಳಿಸಿದ್ದಾಳೆ.


ಕಮ್ಮಿಂಗ್
೩೦ ಜುಲೈ ೧೯೯೭

ಭುಜಂಗರಾಯರೇ,

ಈ ಪತ್ರಕ್ಕೆ ವಿಷಯವೆಂದು ಮೇಲೆ ಏನು ಬರೆಯಬೇಕೆಂದು ತಿಳಿಯದೆ ಹಾಗೆಯೇ ಬಿಟ್ಟಿದ್ದೇನೆ.

ನೀವು ಹೇಳಿದ್ದೇ ನಿಜವಾಯಿತು. ಜುಲೈ ತಿಂಗಳ ಬಿಲ್ಲು ನಾಲ್ಕೂ ಮನೆಗೆ ಬಂತು. ನಾಲ್ಕರಲ್ಲೂ ಬಹುಮಾನವಿಲ್ಲ, ಯೋಜನೆಗೆ ಸೇರುವ ಮೊದಲಿನ ಬಿಲ್ಲಿಗಿಂತಲೂ ಹೆಚ್ಚು. ಯಾಮಿನಿ ಸಣ್ಣಕ್ಷರಗಳನ್ನು ಓದಿ ಹೇಳಿದಳು. ಆ ಒಂದೇ ಗಂಟೆಯ ಲೆಕ್ಕ ಅಲ್ಲಿ ಬರೆದೇ ಇತ್ತು. ಉಳಿದ ದಿನವೆಲ್ಲ ಕತ್ತಲಲ್ಲಿ ಕುಳಿತರೂ, ಸರದಿಯ ದಿನ ಏಸಿ ಹಾಕಿ ಬಜ್ಜಿ ಕರಿದ ಆ ಗಂಟೆಯನ್ನೇ ಕಂಪನಿಯು ಹಿಡಿದಿದೆ. ಚೀಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಸರದಿ ಬರಲೇಬೇಕೆಂಬ ಹಟ ನನ್ನದು. ಆ ಸರದಿಯಿಂದಲೇ ನಾಲ್ಕೂ ಮನೆಗೆ ಪೆಟ್ಟಾಯಿತು.

ಮಕ್ಕಳು ಯಾರೂ ಒರಟಾಗಿ ಮಾತಾಡಲಿಲ್ಲ. ಸೂರ್ಯನಾರಾಯಣ ಅವರ ಮನೆಯಲ್ಲಿ ಎಲ್ಲರೂ ಕೂಡಿ, ಕಾಫಿ ಕುಡಿದು, "ಅಂಕಲ್, ಐಡಿಯಾ ಚೆನ್ನಾಗಿತ್ತು, ಆದ್ರೆ ವರ್ಕ್ ಆಗಲ್ಲ" ಎಂದರು. ಅಕ್ಷಯ್ ದಾರಿಯಲ್ಲಿ, "ಮಾವ, ಬಿಡಿ, ದೊಡ್ಡ ವಿಷಯ ಅಲ್ಲ" ಎಂದರು. ಅಳಿಯಂದಿರು ಹಾಗೆ ಸಮಾಧಾನ ಹೇಳಿದಷ್ಟೂ ನನಗೆ ತಲೆ ಎತ್ತಲಾಗಲಿಲ್ಲ.

ಈಗ ಅವರವರು ಅವರವರ ಮನೆಯಲ್ಲಿ. ಯಾರ ಮನೆಗಾದರೂ ಹೋಗಿ ಕುಳಿತರೆ ಆ ಮನೆಯವರು ನಮಗಾಗಿ ಏಸಿ ಹಾಕಬೇಕು, ಅವರ ತಿಂಗಳೆಲ್ಲ ಕೆಡಬೇಕು. ಅಂತಹ ಅತಿಥಿಯಾಗಿ ಯಾರು ಹೋದಾರು? ನಿನ್ನೆ ಕಾತ್ಯಾಯಿನಿ ಎರಡು ಗಂಟೆಗೆ ಅಭ್ಯಾಸಬಲದಿಂದ ಕೊಡೆ ಕೈಗೆ ತೆಗೆದುಕೊಂಡಳು. ಬಾಗಿಲವರೆಗೂ ಹೋಗಿ, ಒಂದು ಗಳಿಗೆ ನಿಂತು, ಕೊಡೆಯನ್ನು ಅದರ ಜಾಗದಲ್ಲಿಟ್ಟು ಬಂದಳು. ಇವತ್ತು ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನಾನು ಕೇಳಿದೆ, "ಹೂಂ" ಎಂದಳು.

ಇಡೀ ಜೀವಮಾನ ಬೇರೆಯವರ ಅರ್ಜಿಗಳನ್ನು ಅಂದವಾಗಿ ನಕಲು ಮಾಡಿದೆ. ನನ್ನದೆಂದು ಒಂದನ್ನೂ ಯಾರ ಮುಂದೆಯೂ ಇಟ್ಟವನಲ್ಲ. ಇದು ಮೊದಲನೆಯದು. ಅವಳ ಮಧ್ಯಾಹ್ನಗಳು ಮರಳಿ ಸಿಗಲು ಏನಾದರೂ ದಾರಿ ಇದ್ದರೆ ತಿಳಿಸಿ.

ವೀರಣ್ಣ


ಏಪೆಕ್ಸ್
೪ ಆಗಸ್ಟ್ ೧೯೯೭

ಪ್ರಿಯ ವೀರಣ್ಣ,

ಕಾಗದ ಓದಿದ ಕೂಡಲೇ ಫೋನ್ ಮಾಡಬೇಕೆಂದು ಎದ್ದೆ. ಫೋನಿನಲ್ಲಿ ನೀನು ಮತ್ತೆ 'ಮಾನ್ಯರೇ' ಎಂದು ಶುರು ಮಾಡಿದರೆ ನನಗೆ ನಗು ತಡೆಯುವುದಿಲ್ಲವೆಂದು ಕೂತು ಬರೆಯುತ್ತಿದ್ದೇನೆ. ನೀನು ಎಂದಿದ್ದೇನೆ. ಬೇಕಾದರೆ ತಕರಾರು ಅರ್ಜಿ ಹಾಕಿಕೋ.

ನಿನ್ನ ಚೀಟಿ ತಪ್ಪಲ್ಲ, ಸರದಿಯೊಂದೇ ತಪ್ಪು. ನಾಲ್ಕು ಮನೆಯ ತಂಪನ್ನು ಒಂದು ಮನೆಗೆ ತಂದದ್ದು ಅಚ್ಚುಕಟ್ಟಾದ ಕೆಲಸ. ನಮ್ಮ ಮಂಡಳಿಯಲ್ಲಿ ಇಂಜಿನಿಯರುಗಳಿಗೂ ಅದು ಹೊಳೆಯುತ್ತಿರಲಿಲ್ಲ. ಈಗ ಹೀಗೆ ಮಾಡು. ನಾಲ್ಕರಲ್ಲಿ ಒಂದು ಮನೆ ಯೋಜನೆಯಿಂದ ಹೊರಗೆ ಬರಲಿ. ಆ ಮನೆಗೆ ಮೊದಲಿನಂತೆ ಎಲ್ಲ ಹೊತ್ತಿಗೂ ಒಂದೇ ದರ. ಯಾವ ಗಂಟೆಯನ್ನೂ ಯಾರೂ ಹಿಡಿಯುವುದಿಲ್ಲ. ದಿನವೂ ಅಲ್ಲೇ ಕೂಡಿ. ಉಳಿದ ಮೂರು ಮನೆ ತಿಂಗಳೆಲ್ಲ ಮಧ್ಯಾಹ್ನ ಆರಿಯೇ ಇರುತ್ತವೆ, ಅವಕ್ಕೆ ಬಹುಮಾನ ಬಂದೇ ಬರುತ್ತದೆ.

ಕಷ್ಟ ಇರುವುದು ಒಂದೇ ಕಡೆ. ಹೊರಗೆ ಬರುವ ಮನೆಗೆ ಬಿಲ್ಲೆ ಇಲ್ಲ, ವಂದನಾ ಪತ್ರ ಇಲ್ಲ, ರಿಯಾಯಿತಿ ಇಲ್ಲ. ಆ ಮನೆ ಯಾವುದು ಎಂದು ನಾನು ಹೇಳುವುದಿಲ್ಲ. ಮರ್ಯಾದೆಯ ಮಾತು ಬಂದರೆ ನಿನ್ನ ಮೂಗು ಎಷ್ಟೆತ್ತರ ಎಂದು ನನಗೆ ಗೊತ್ತು.

ಕಾತ್ಯಾಯಿನಿಯಮ್ಮ ಕೊಡೆಯನ್ನು ಜಾಗದಲ್ಲಿಟ್ಟರು ಅಂದೆಯಲ್ಲ, ಆ ಸಾಲನ್ನು ಮಗ ಗುರುದತ್ತನಿಗೂ ಫೋನಿನಲ್ಲಿ ಓದಿ ಹೇಳಿದೆ. ಇವತ್ತು ಸಂಜೆ ಅವನು ಬೇಗ ಮನೆಗೆ ಬಂದು ನನ್ನನ್ನು ವಾಕಿಂಗಿಗೆ ಕರೆದುಕೊಂಡು ಹೋದ.

ನಿನ್ನ,
ಭುಜಂಗ


ಕಮ್ಮಿಂಗ್
೧೧ ಆಗಸ್ಟ್ ೧೯೯೭

ಚಿ. ಸೌ. ಯಾಮಿನಿ ಮತ್ತು ಅಳಿಯಂದಿರಾದ ಅಕ್ಷಯ್ ಅವರ ಸನ್ನಿಧಿಗೆ,

ಈ ಮನೆಯ ನಿವಾಸಿ ವೀರಣ್ಣನ ಅರಿಕೆ ಏನೆಂದರೆ:

ಎದುರಿಗೆ ನಿಂತು ಕೇಳಲು ನನಗೆ ಬಾಯಿ ಬಾರದಾದ್ದರಿಂದ ಫ್ರಿಜ್ಜಿನ ಬಾಗಿಲಿಗೆ ಈ ಅರ್ಜಿಯನ್ನು ಅಂಟಿಸುತ್ತಿದ್ದೇನೆ. ನಮ್ಮ ಮನೆಯನ್ನು ವಿದ್ಯುತ್ ಕಂಪನಿಯ ಯೋಜನೆಯಿಂದ ಹಿಂತೆಗೆದು, ವಾರದ ದಿನಗಳ ಮಧ್ಯಾಹ್ನ ಇಲ್ಲಿ ಏಸಿ ಹಾಕಲು ಅಪ್ಪಣೆ ಕೊಡಬೇಕು. ಇದರಿಂದ ಉಳಿದ ಮೂರು ಮನೆಗೆ ಬಹುಮಾನ, ನಮಗೆ ಹೆಚ್ಚಿನ ಖರ್ಚು. ಆ ಖರ್ಚು ನನ್ನದಲ್ಲ, ನಿಮ್ಮದು ಎಂಬ ಅರಿವು ನನಗಿದೆ. ಬಾಗಿಲಿನ ಹಸಿರು ಬಿಲ್ಲೆಯನ್ನು ನಾನೇ ಬಿಡಿಸುತ್ತೇನೆ.

ಬೇಡುತ್ತಿರುವುದು ಕಾತ್ಯಾಯಿನಿಗಾಗಿ. ಅವಳಿಗೆ ಇದು ತಿಳಿಯದು.

ನಿಮ್ಮ ತಂದೆ,
ವೀರಣ್ಣ


ಕಮ್ಮಿಂಗ್
೮ ಸೆಪ್ಟೆಂಬರ್ ೧೯೯೭

ಪ್ರಿಯ ಭುಜಂಗ,

ವಿಷಯ: ಕೃತಜ್ಞತೆ.

ಅರ್ಜಿ ಅಂಟಿಸಿ ಮಲಗಿದವನು ಬೆಳಿಗ್ಗೆ ಏಳಲು ಹೆದರಿದ್ದೆ. ಫ್ರಿಜ್ಜಿನ ಮೇಲೆ ಅದೇ ಹಾಳೆ ಇತ್ತು. ಕೆಳಗೆ ಅಕ್ಷಯ್ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದರು. ಅದರ ಪಕ್ಕದಲ್ಲಿ ಯಾಮಿನಿ, ಚಿಕ್ಕಂದಿನಲ್ಲಿ ನನ್ನ ಮೇಜಿನ ಕಾಗದಗಳಲ್ಲಿ ನೋಡಿ ಕಲಿತದ್ದು, 'ಮಂಜೂರಾಗಿದೆ' ಎಂದು ದುಂಡಗೆ ಬರೆದು ಎರಡು ಗೆರೆ ಎಳೆದಿದ್ದಳು. ಅವಳು ಕಾಫಿ ಲೋಟದೊಡನೆ ಅಲ್ಲೇ ನಿಂತಿದ್ದಳು. "ಅಪ್ಪಾ, ನೀವು ನನ್ನ ಹತ್ರ ಏನಾದ್ರೂ ಕೇಳ್ತೀರಾ ಅಂತ ಹತ್ತು ತಿಂಗಳಿಂದ ಕಾಯ್ತಿದ್ದೆ. ಕೇಳಿದ್ದೂ ಅರ್ಜೀಲಾ?" ಎಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ನನಗೆ ಬಂದ ಮಾತು ಒಂದೇ, "ಕಾಫಿ ಆರ್ತದ, ಕುಡಿಯವ್ವ."

ಈಗ ದಿನವೂ ಎರಡು ಗಂಟೆಗೆ ಮೂರು ಕೊಡೆಗಳು ನಮ್ಮ ಮನೆಯ ಕಡೆ ಬರುತ್ತವೆ. ಕಾತ್ಯಾಯಿನಿ ಕಿಟಕಿಯಲ್ಲಿ ನಿಂತು ಎಣಿಸುತ್ತಾಳೆ. ಯಾರದ್ದಾದರೂ ತಡವಾದರೆ ಫೋನ್ ಮಾಡಿ ಬೈಯುತ್ತಾಳೆ. ಆಗಸ್ಟ್ ಬಿಲ್ಲಿನಲ್ಲಿ ಮೂರೂ ಮನೆಗೆ ಬಹುಮಾನ ಬಂತು. ಮರುದಿನ ಸೂರ್ಯನಾರಾಯಣ ಅವರು ತಮ್ಮ ಬಾಗಿಲಿನ ಬಿಲ್ಲೆಯನ್ನು ಬಿಡಿಸಿ ತಂದು ನಮ್ಮ ಬಾಗಿಲಿಗೆ ಒತ್ತಿದರು. "ಇದು ಇರಬೇಕಾದ ಜಾಗ ಇಲ್ಲಿ ಕಣ್ರೀ" ಎಂದರು. ಕಂಪನಿಯ ನಿಯಮಕ್ಕೆ ಅದು ವಿರುದ್ಧವೇ ಇರಬಹುದು. ನಾನು ತೆಗೆದಿಲ್ಲ.

ಮೊನ್ನೆ ನಿನ್ನ ಕಾಗದಗಳನ್ನು ಎಲ್ಲರ ಮುಂದೆ ಓದುತ್ತಿದ್ದೆ. ಶಾಮಿಯಾನದ ಭಾಗ ಬಂದಾಗ, "ಈ ಮನುಷ್ಯ ನನ್ನ ಮಗಳ ಮದುವೀನ ಕತ್ತಲು ಮಾಡಿದವ" ಎಂದು ಅಭ್ಯಾಸದಂತೆ ಹೇಳಿದೆ. ಕಾತ್ಯಾಯಿನಿ ಬಜ್ಜಿಯ ತಟ್ಟೆ ಕೆಳಗಿಟ್ಟಳು.

"ಎಲ್ಲಿ ಕತ್ತಲು ಆಗಿತ್ರಿ? ಗ್ಯಾಸ್ ಲೈಟು ಇರಲಿಲ್ಲೇನು?"

"ಅವು ಶಾಮಿಯಾನದವರು ಕಳಿಸಿದ್ದು."

"ಶಾಮಿಯಾನದವರು ನಿಮ್ಮ ಮಾವನ ಮಕ್ಕಳೇನು, ಕೇಳದ ಕಳಿಸಾಕ? ವೈರು ಕಿತ್ತು ಹೋದ ಮನುಷ್ಯನೇ ಊರೆಲ್ಲ ತಿರುಗಿ ಆರು ದೀಪ ತಂದು ಹಿತ್ತಲ ಬಾಗಿಲಾಗ ನಿಂತಿದ್ದ. 'ಅವನಿಗೆ ಹೇಳ್ಬೇಡಿ ಕಾತ್ಯಾಯಿನಿಯಮ್ಮ, ಹೇಳಿದ್ರೆ ಒದ್ದು ಆರಿಸ್ತಾನೆ' ಅಂದ. ಹೇಳಿದ್ರ ಆರಿಸ್ತಿದ್ರಿ ಹೌದಲ್ಲ?"

ಆರಿಸುತ್ತಿದ್ದೆ. ಬೇಬಿಯವರು, "ಅಯ್ಯೋ ದೇವ್ರೆ, ಹನ್ನೊಂದು ವರ್ಷ ಹೊಟ್ಟೆಯೊಳಗೆ ಇಟ್ಕೊಂಡ್ರಾ ಮಾರಾಯ್ರೆ!" ಎಂದು ಕೆನ್ನೆಗೆ ಕೈ ಹಚ್ಚಿದರು. ಕಾತ್ಯಾಯಿನಿ ಇನ್ನೊಂದನ್ನೂ ಹೇಳಿದಳು. ದೀಪಗಳನ್ನು ಅವಳ ತಮ್ಮ ವಾಪಸು ಕೊಟ್ಟಾಗ ಒಂದರ ಮ್ಯಾಂಟಲ್, ಬೆಳಕು ಕೊಡುವ ಆ ಬಲೆಯ ಚೀಲ, ಒಡೆದುಹೋಗಿತ್ತಂತೆ, ನೀನು ಪರವಾಗಿಲ್ಲ ಎಂದು ತೆಗೆದಿಟ್ಟುಕೊಂಡೆಯಂತೆ.

ಯಾಮಿನಿಯ ಮದುವೆಯ ಒಂದು ಫೋಟೊ ಈ ಮನೆಯ ನಡುಮನೆಯಲ್ಲಿದೆ. ನಸುಕಿನ ಮುಹೂರ್ತದ ಧಾರೆಯ ಹೊತ್ತಿನಲ್ಲಿ ಅವಳ ಮುಖದ ಮೇಲೆ ಹಳದಿ ಬೆಳಕು. ಅದನ್ನು ದಿನವೂ ನೋಡುತ್ತ ಬಂದಿದ್ದೇನೆ, ಎಂತಹ ಒಳ್ಳೆಯ ಬೆಳಕು ಎಂದು ಹಲವು ಸಲ ಅಂದುಕೊಂಡಿದ್ದೇನೆ. ಆ ಬೆಳಕು ನಿನ್ನದೆಂದು ತಿಳಿಯಲು ನಾನು ಸಮುದ್ರ ದಾಟಿ ಬರಬೇಕಾಯಿತು.

ನಿನ್ನೆ ಅಕ್ಷಯ್ ಅವರನ್ನು ಕೇಳಿದೆ. ಈ ಸಲ ಅರ್ಜಿ ಇಲ್ಲದೆ ಬಾಯಿಬಿಟ್ಟೇ ಕೇಳಿದೆ. ಕಾಡಿನಲ್ಲಿ ಡೇರೆ ಹಾಕುವವರ ಸಾಮಾನು ಮಾರುವ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ನಮ್ಮೂರಿನದೇ ರೀತಿಯ ದೀಪಗಳು ಸಾಲಾಗಿದ್ದವು.

ದಸರೆಗೆ ಗುರುದತ್ತನೊಡನೆ ಬಾ. ಮಧ್ಯಾಹ್ನ ಎರಡರ ಒಳಗೆ ಬಂದರೆ ಎಲ್ಲರೂ ಸಿಗುತ್ತಾರೆ. ಮಂಡಕ್ಕಿ ವರಲಕ್ಷ್ಮಿಯವರು ಎಲ್ಲಿಂದಲೋ ಹುಡುಕಿ ತಂದಿದ್ದಾರೆ, ಡಬ್ಬಿಗೆ ನಿನ್ನ ಹೆಸರು ಅಂಟಿಸಿದೆ.

ನಿನ್ನ ಬೆಳಕಿನ ಋಣಿ,
ವೀರಣ್ಣ
(ಸಹಿ)

ಲಗತ್ತು: ಗ್ಯಾಸ್ ಲೈಟಿನ ಮ್ಯಾಂಟಲ್, ಹೊಸದು, ಒಂದು.